ಅಮ್ಮನ ಬೆನ್ನು

ಕರುಮತ್ತಂಪಟ್ಟಿ,
ಆಗಸ್ಟ್ ೬, ಬುಧವಾರ

ಮಣಿಯಣ್ಣ,

ಚೆನ್ನಾಗಿದ್ದೀಯಾ ಎಂದು ಕೇಳುವುದಿಲ್ಲ. ದಿನಾ ಯಾರಾದರೊಬ್ಬರು ಫೋನು ಹಿಡಿದುಕೊಂಡು ಬಂದು ನಿನ್ನ ಮುಖ ತೋರಿಸುತ್ತಾರೆ, ಚೆನ್ನಾಗೇ ಇದ್ದೀಯ. ಆ ಗಡ್ಡ ಮಾತ್ರ ತೆಗೆಸು. ಇದು ಅಮ್ಮ ಹೇಳಿದ್ದು, ನಾನಲ್ಲ.

ಈ ಕಾಲದಲ್ಲಿ ಕಾಗದವಾ ಎಂದು ನಗಬೇಡ. ನಿನ್ನ ಫೋನು ಎತ್ತುವುದು ಆ ಸತೀಶ್ ಕುಮಾರ್. ನಿನಗೆ ಮ್ಯಾನೇಜರ್ ಆದಾಗಿನಿಂದ ನಾನು ಕಳಿಸುವ ಮೆಸೇಜನ್ನೂ ಅವನೇ ಓದಿ, ಅವನೇ ಕೈಮುಗಿದ ಚಿತ್ರ ಹಾಕುತ್ತಾನೆ. ಅದಕ್ಕೇ ಹೀಗೆ, ತಮಿಳು ಅಕ್ಷರದಲ್ಲಿ ನಮ್ಮ ಮನೆ ಮಾತು. ಕನ್ನಡ ಅಕ್ಷರ ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಸತೀಶ್ ಕುಮಾರ್ ಈ ಕವರು ಒಡೆದು ಓದಿದರೂ ತಲೆಬುಡ ತಿಳಿಯದೆ ಕೂರಬೇಕು.

ಇನ್ನೊಂದು ಕಾರಣವೂ ಇದೆ. ಎದುರಿಗೆ ಮಾತಾಡಿದರೆ ನೀನು ನಗಿಸಿಬಿಡುತ್ತೀಯ. ಹುಟ್ಟಿದಾಗಿನಿಂದ ನಿನ್ನ ಹತ್ತಿರ ನಾನು ಒಂದು ಜಗಳವನ್ನೂ ಪೂರ್ತಿ ಆಡಿಲ್ಲ. ಅರ್ಧಕ್ಕೆ ಬಂದಾಗ ಏನೋ ಒಂದು ಮುಖ ಮಾಡುತ್ತೀಯ, ನಾನು ನಗುತ್ತೇನೆ, ನೀನು ಗೆದ್ದು ಎದ್ದು ಹೋಗುತ್ತೀಯ. ಕಾಗದದಲ್ಲಿ ನಿನ್ನ ಮುಖ ಇಲ್ಲ. ಈ ಸಲ ಪೂರ್ತಿ ಆಡುತ್ತೇನೆ.

ಬೆಳಗ್ಗೆಯಿಂದ ಕರೆಂಟಿಲ್ಲ. ತಿಂಗಳ ರಿಪೇರಿ, ಸಂಜೆಗೆ ಬರುತ್ತದಂತೆ. ಶೆಡ್ಡಿನಲ್ಲಿ ಎಲ್ಲ ಮಗ್ಗವೂ ನಿಂತಿದೆ. ಅಮ್ಮ ಹೊರಗೆ ಬೇವಿನ ಮರದಡಿ ಕೂತು ಖಾಲಿ ಕಂಡಿಕೆಗಳಿಗೆ ಸುತ್ತಿಕೊಂಡಿರುವ ಹಳೆ ನೂಲು ಬಿಡಿಸುತ್ತಿದ್ದಾಳೆ. ಮಗ್ಗ ನಿಂತ ದಿನ ಅವಳಿಗೆ ನೆಲವೇ ಇಲ್ಲದ ಹಾಗೆ. ಸುಮ್ಮನೆ ಎದ್ದು ಒಳಗೆ ಹೋಗಿ ಮಗ್ಗದ ಮೇಲೆ ಕೈಯಿಟ್ಟು ಬರುತ್ತಾಳೆ. ಸೂಲೂರಿನ ವಿಮಾನ ತಲೆಯ ಮೇಲೇ ಹಾರಿ ಹೋದರೂ ಈಗ ಅವಳು ಕತ್ತೆತ್ತುವುದಿಲ್ಲ. ಹೋದ ವರ್ಷ ಒಂದು ಕಿವಿಯಲ್ಲಾದರೂ ಸ್ವಲ್ಪ ಕೇಳುತ್ತಿತ್ತು. ನಿನಗೆ ಇದು ಗೊತ್ತಿಲ್ಲ. ನೀನು ಬಂದಾಗ ಬಾಯಿ ನೋಡಿ, ಕೈ ನೋಡಿ ಸಂಭಾಳಿಸಿದಳು.

ವಿಷಯಕ್ಕೆ ಬರುತ್ತೇನೆ. ನಮ್ಮ ಶೆಡ್ಡಿನಲ್ಲಿ ನೀನು ಸಿನಿಮಾ ತೆಗೆಯಲು ನಾನು ಬಿಡುವುದಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿದೆ. ಅಮ್ಮ ಅಡಿಗೆ ಮಾಡುವುದನ್ನು ತೆಗಿ, ನೀನು ಹುಟ್ಟಿದ್ದು ತೆಗಿ, ಕತ್ತೆ ಮೇಯಿಸಿದ್ದು ತೆಗಿ. ಅಪ್ಪ ಸತ್ತಿದ್ದನ್ನು ಅಪ್ಪ ಸತ್ತ ಜಾಗದಲ್ಲೇ, ಅಮ್ಮ ಇನ್ನೂ ದಿನಾ ನಿಂತು ದುಡಿಯುವ ಮಗ್ಗದ ಪಕ್ಕದಲ್ಲೇ ತೆಗೆಯಬೇಡ. ಇಷ್ಟೇ ನಾನು ಹೇಳಬೇಕಾಗಿದ್ದು. ಆದರೆ ಇಷ್ಟೇ ಹೇಳಿದರೆ ನೀನು ಬಂದುಬಿಡುತ್ತೀಯ. ಅದಕ್ಕೆ ಉಳಿದಿದ್ದನ್ನೂ ಕೇಳು.

ನೀನು ಹೇಗೆ ದೊಡ್ಡವನಾದೆ ಎಂದು ಆ ಯೂಟ್ಯೂಬ್ ಹುಡುಗಿ ಕೇಳಿದಾಗ ನೀನು ಅರ್ಧ ಗಂಟೆ ಬರೀ ಕೈಯಲ್ಲೇ ಉತ್ತರ ಕೊಟ್ಟೆ. ಅವಳು ಪಾಪ ಬೆವೆತುಹೋದಳು. ಜನ ಅದನ್ನೇ ಮೂರು ಹೊತ್ತೂ ನೋಡಿದರು. ಆ ಕೈ ಎಲ್ಲಿಂದ ಬಂತು ಎಂದು ನೀನು ಎಲ್ಲೂ ಸರಿಯಾಗಿ ಹೇಳಿಲ್ಲ. ನಮ್ಮ ಶೆಡ್ಡಿನ ಗದ್ದಲದಲ್ಲಿ ಬಾಯಿಗೆ ಬೆಲೆ ಇಲ್ಲ. ಎಳೆ ಕಡಿದರೆ ಎರಡು ಬೆರಳು ಉಜ್ಜುತ್ತೇವೆ. ಪಕ್ಕದ ಮನೆ ಕಮಲಾತಾಳ್ ಅಜ್ಜಿ ಬಂದರೆ ಕಿವಿಯ ತುದಿ ಜಗ್ಗುತ್ತೇವೆ. ನೂಲಿನ ವ್ಯಾಪಾರಿ ಬಂದರೆ ಹೊಟ್ಟೆ ಸವರುತ್ತೇವೆ. ನಾನು ಅಮ್ಮ ಅನ್ನುವ ಮಾತಿಗಿಂತ ಮುಂಚೆ ಹೊಟ್ಟೆ ಸವರುವುದನ್ನು ಕಲಿತೆನಂತೆ.

ಆ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಿದ್ದವನು ಅಪ್ಪ. ನೂಲು ಕೊಳೆತದ್ದು ಬಂದು ಎಳೆ ಮೇಲೆ ಎಳೆ ಕಡಿಯುವ ದಿನ ಅವನು ಏನು ಮಾಡುತ್ತಿದ್ದ, ನೆನಪಿದೆಯಲ್ಲ. ಎದೆಗೆ ಕೈ ಕೊಟ್ಟುಕೊಂಡು, ಕಣ್ಣು ಮೇಲೆ ಮಾಡಿ, ಮಗ್ಗಕ್ಕೆ ಒರಗಿ ಮೆಲ್ಲಗೆ ಜಾರಿ ನೆಲಕ್ಕೆ ಬೀಳುವುದು. ನಾಲಿಗೆ ಹೊರಗೆ, ಒಂದು ಕಾಲು ಒದರುತ್ತಾ. ಅಂಗಪ್ಪನ್ ಸತ್ತ ಎಂದು ಎಲ್ಲರೂ ಎದೆ ಬಡಿದುಕೊಳ್ಳುವ ಹಾಗೆ ಕೈ ಮಾಡಬೇಕು. ಆಮೇಲೆ ಯಾರಾದರೂ ಒಬ್ಬರು ನಗಬೇಕು. ನಗುವವರೆಗೂ ಅವನು ಏಳುತ್ತಿರಲಿಲ್ಲ. ಒಂದು ಕಣ್ಣು ತೆಗೆದು ನೋಡುವುದು, ಯಾರೂ ನಕ್ಕಿಲ್ಲದಿದ್ದರೆ ಮತ್ತೆ ಮುಚ್ಚುವುದು. ಹೆಚ್ಚಾಗಿ ಅಮ್ಮನೇ ನಗುತ್ತಿದ್ದಳು. ಕೆಲಸ ಕೆಡುತ್ತದೆ ಎಂದು ಸಿಟ್ಟು ಮಾಡಿಕೊಂಡೇ ನಗುತ್ತಿದ್ದಳು.

ನೀನು ಪೀಳಮೇಡು ಕಾಲೇಜಿಗೆ ಹೋಗಿ ಕಲಿತಿದ್ದು ಏನು ಎಂದು ನನಗೆ ತಿಳಿಯದು. ಡಿಗ್ರಿ ಮುಗಿಸಲಿಲ್ಲ. ಕಾಫಿ ಅಂಗಡಿಯಲ್ಲಿ ಮೈಕು ಹಿಡಿದು ಜೋಕು ಹೇಳಲು ಶುರು ಮಾಡಿದೆ. ಯಾರೂ ನಗಲಿಲ್ಲ ಎಂದು ನೀನೇ ಹೇಳಿದ್ದೆ. ಆಮೇಲೆ ಒಂದು ದಿನ ಅಪ್ಪನ ಲುಂಗಿ ಉಟ್ಟು, ತಲೆಗೆ ಹತ್ತಿ ಧೂಳು ಸುರಿದುಕೊಂಡು, ಮಗ್ಗದ ಸದ್ದನ್ನು ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಒಂದು ಮಾತೂ ಆಡದೆ ಬರೀ ಕೈ ಮಾಡಿದೆ. ನೂಲಿನ ವ್ಯಾಪಾರಿ ಬಂದ, ಅಜ್ಜಿ ಬಂದಳು, ಎಳೆ ಕಡಿಯಿತು, ಅಪ್ಪ ಬಿದ್ದ. ಕಾಲೇಜು ಹುಡುಗರು ಕುರ್ಚಿಯಿಂದ ಬಿದ್ದು ನಕ್ಕರು. ಮನೆಯಲ್ಲಿ ಮಗ್ಗದ ಮಣಿ ಎನ್ನುತ್ತಿದ್ದುದನ್ನೇ ತಮಿಳು ಮಾಡಿ ‘ತರಿ ಮಣಿ’ ಎಂದು ಹೆಸರಿಟ್ಟುಕೊಂಡೆ. ಚೆನ್ನೈಗೆ ಹೋದೆ. ಅಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. ನೀನು ಸರಿಯಾಗಿ ಬೀಳುವುದಿಲ್ಲ, ಮೊಣಕಾಲು ಮೊದಲು ಮಡಿಸಿಬಿಡುತ್ತೀಯ ಎಂದು ಮಾತ್ರ ಹೇಳಿದ.

ಅಪ್ಪ ಹೋದಾಗ ನಾನು ಹತ್ತನೇ ಕ್ಲಾಸು. ಶಾಲೆಗೆ ಆಳು ಬಂತು. ನಾನು ಓಡಿ ಬಂದಾಗ ಅವನನ್ನು ಮರದಡಿ ಮಲಗಿಸಿದ್ದರು, ಮಗ್ಗಗಳನ್ನು ನಿಲ್ಲಿಸಲು ಯಾರಿಗೂ ನೆನಪಿರಲಿಲ್ಲ. ಅಮ್ಮನ ಮಗ್ಗದ ಹಿಂದೆಯೇ ಬಿದ್ದಿದ್ದನಂತೆ. ಮಧ್ಯಾಹ್ನದ ಪಾಳಿಯವರು ಬಂದು ನೋಡುವವರೆಗೆ ಅಲ್ಲೇ ಇದ್ದನಂತೆ. ಅಮ್ಮ ನೇಯುತ್ತಲೇ ಇದ್ದಳಂತೆ. ಅಷ್ಟು ಸದ್ದಿನಲ್ಲಿ ಹಿಂದೆ ಒಬ್ಬ ಮನುಷ್ಯ ಬಿದ್ದದ್ದು ಯಾರಿಗೆ ಕೇಳುತ್ತದೆ? ನಿನಗೆ ಫೋನು ಮಾಡಿದವಳು ನಾನು. ‘ಅಮ್ಮ ತಿರುಗಿ ಕೂಡ ನೋಡ್ಲಿಲ್ಲ ಅಣ್ಣ’ ಅಂದೆ. ಹದಿನೈದು ವರ್ಷದ ಹುಡುಗಿ ಅತ್ತುಕೊಂಡು ಹೇಳಿದ ಮಾತು ಅದು. ನೀನು ಅದಕ್ಕೆ ಟಿಕೆಟ್ ಇಟ್ಟೆ.

ಕರ್ಮ ಮುಗಿಸಿ ನೀನು ಹೊರಟೆ. ಸಿನಿಮಾದಲ್ಲಿ ಚಾನ್ಸು, ಹೀರೋನ ಗೆಳೆಯ, ಈಗ ಬಿಟ್ಟರೆ ಸಿಗುವುದಿಲ್ಲ ಎಂದೆ. ನಾನು ಅಪ್ಪನ ಮಗ್ಗಕ್ಕೆ ನಿಂತೆ. ಒಂದು ತಿಂಗಳು ಎಂದುಕೊಂಡಿದ್ದೆ. ನನ್ನ ಜೊತೆಯವರು ಪರೀಕ್ಷೆ ಬರೆದರು, ಕೆಲವರು ತಿರುಪ್ಪೂರಿನ ಬನಿಯನ್ ಕಂಪನಿಯ ವ್ಯಾನು ಹತ್ತಿದರು, ನಾನು ಇಲ್ಲೇ. ಅದಕ್ಕೆ ನಿನ್ನ ಮೇಲೆ ಬೇಕಾದಷ್ಟು ಸಿಟ್ಟು ಬಂದು, ಬಂದು, ಈಗ ಅದೂ ಸವೆದುಹೋಗಿದೆ. ಸುಸ್ತಾಗಿದೆ ಅಣ್ಣ. ಸಿಟ್ಟು ಮಾಡಿಕೊಳ್ಳಲೂ ಮೈಯಲ್ಲಿ ಸ್ವಲ್ಪ ಜೀವ ಬೇಕು.

ನಿನ್ನ ಸಿನಿಮಾ ಎಲ್ಲ ನೋಡಿದ್ದೇವೆ. ಹೀರೋ ನಿನ್ನ ಕೆನ್ನೆಗೆ ಹೊಡೆದಾಗಲೆಲ್ಲ ಅಮ್ಮ ತನ್ನ ಕೆನ್ನೆ ಹಿಡಿದುಕೊಳ್ಳುತ್ತಾಳೆ. ನೀನು ಡೈರೆಕ್ಟರ್ ಆಗಿ ತೆಗೆದೆಯಲ್ಲ, ಅರ್ಧ ಸಿನಿಮಾದವರೆಗೆ ಯಾರೂ ಬಾಯಿ ಬಿಡದ್ದು, ಅದನ್ನೂ ನೋಡಿದೆವು. ಸೆಟ್ಟಿನಲ್ಲಿ ಲೈಟಿನವರಿಗೂ ಮಾತಾಡಬಾರದು ಎಂದು ಹೇಳಿದ್ದೆಯಂತೆ, ಎಲ್ಲ ಕೈಯಲ್ಲೇ ಹೇಳಬೇಕಂತೆ, ಅದಕ್ಕೆ ನಿನಗೆ ಅವರು ಹುಚ್ಚ ಎಂದು ಹೆಸರಿಟ್ಟರಂತೆ. ಥಿಯೇಟರಿನಲ್ಲಿ ನಮ್ಮ ಹಿಂದೆ ಕೂತವನು ಸೌಂಡು ಕೆಟ್ಟಿದೆ ಎಂದು ಆಪರೇಟರನ್ನು ಬೈದ. ವಾರ ಕೂಡ ಓಡಲಿಲ್ಲ. ನನಗೆ ಮಾತ್ರ ಅದು ಹಿಡಿಸಿತು. ಇದನ್ನು ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಹೇಳಿಯಾಯಿತು.

ಸಿನಿಮಾ ಬಿದ್ದ ಮೇಲೆ ನೀನು ಮತ್ತೆ ಸ್ಟೇಜಿಗೆ ಹೋದೆ. ಆಗ ಶುರುವಾಯಿತು ಆ ದರಿದ್ರದ ತುಂಡು. ಪೀಳಮೇಡಿನ ಕಾರ್ಯಕ್ರಮಕ್ಕೆ ನಮ್ಮಿಬ್ಬರನ್ನೂ ಕರೆಸಿ ಮೊದಲ ಸಾಲಿನಲ್ಲಿ ಕೂರಿಸಿದೆ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ನೀನು ಮೊದಲು ಅಪ್ಪನಾಗಿ ಬಿದ್ದೆ, ಎಲ್ಲರೂ ನಕ್ಕರು. ಆಮೇಲೆ ಎದ್ದು ಅಮ್ಮನಾದೆ. ಜನಕ್ಕೆ ಬೆನ್ನು ತಿರುಗಿಸಿ ನಿಂತು ಲಾಳಿ ನೋಡುತ್ತಾ, ಎಳೆ ಗಂಟು ಹಾಕುತ್ತಾ, ಸೊಂಟ ಕೆರೆದುಕೊಳ್ಳುತ್ತಾ, ಎಷ್ಟು ಹೊತ್ತು. ಇನ್ನೂ ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರಿಗೇ ಗೊತ್ತಾಗುತ್ತಾ ಬಂತು, ಆ ಬಿದ್ದವನು ಏಳುವುದಿಲ್ಲ ಎಂದು. ಸಭೆ ಸತ್ತ ಹಾಗಾಯಿತು. ಆಗ ನೀನು ಸ್ಪೀಕರು ನಿಲ್ಲಿಸಿ ಮೊದಲ ಸಲ ಬಾಯಿಬಿಟ್ಟು, ಇದು ನಮ್ಮಪ್ಪ, ಅದೋ ಅಲ್ಲಿ ಕೂತಿರುವುದು ನಮ್ಮಮ್ಮ, ಅವಳು ತಿರುಗಿಯೇ ನೋಡಲಿಲ್ಲ ಎಂದೆ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕೆಲವರು ಅತ್ತರು. ಅಮ್ಮ ಏನೂ ಕೇಳದೆ, ಎಲ್ಲರೂ ತನ್ನ ಕಡೆ ನೋಡುತ್ತಿದ್ದಾರೆ ಎಂದು ಎದ್ದು ಕೈಮುಗಿದಳು.

ನನಗೆ ನಿನ್ನ ಕೆನ್ನೆಗೆ ಹೊಡೆಯಬೇಕು ಅನ್ನಿಸಿತು. ಸಿನಿಮಾದ ಹಾಗಲ್ಲ, ನಿಜವಾಗಿ.

ಬಸ್ಸಿನಲ್ಲಿ ಬರುವಾಗ ಅಮ್ಮ ಒಂದೇ ಮಾತು ಕೇಳಿದಳು. ‘ಅವ್ನ್ ಯಾಕೆ ನನ್ ಬೆನ್ನೇ ತೋರಿಸ್ತಾನೆ, ಕಂದ?’ ತನಗೆ ಕೇಳದ್ದರಿಂದ ಈಗೆಲ್ಲ ಜೋರಾಗಿ ಮಾತಾಡುತ್ತಾಳೆ. ಬಸ್ಸೆಲ್ಲ ತಿರುಗಿ ನೋಡಿತು. ಹಾಗೇ ಅವನು ಎಂದು ಕೈ ಮಾಡಿದೆ.

ಅದಾದ ಮೇಲೆ ನಮ್ಮ ಮನೆಗೆ ಜನ ಬರಲು ಶುರುವಾಯಿತು. ತಿರುಗಿ ನೋಡದ ಅಮ್ಮ ಇವರೇನಾ ಎಂದು ಕೇಳಿ ಪಕ್ಕದಲ್ಲಿ ನಿಂತು ಫೋಟೋ ತೆಗೆದುಕೊಳ್ಳುತ್ತಾರೆ. ಒಬ್ಬ ಅಮ್ಮನಿಗೆ ಮಗ್ಗದ ಕಡೆ ತಿರುಗಿ ನಿಲ್ಲಲು ಹೇಳಿದ. ಅವಳು ನಿಂತಳು. ನಾನು ಅವನ ಫೋನು ಕಿತ್ತುಕೊಂಡು ಹೋಗಿ ನೂಲಿಗೆ ಹಾಕುವ ಗಂಜಿಯ ತೊಟ್ಟಿಗೆ ಎಸೆದೆ. ಸತೀಶ್ ಕುಮಾರ್ ನಿನಗೆ ಇದನ್ನು ಹೇಳಿದ್ದಾನೋ ಇಲ್ಲವೋ, ಅವನಿಗೆ ದೂರು ಹೋಗಿತ್ತು.

ಈಗ ಅದೇ ತುಂಡು ಸಿನಿಮಾ. ಅಮ್ಮನ ಪಾತ್ರಕ್ಕೆ ತೆನ್ಮೊಳಿ ಅಕ್ಕನನ್ನು ಕಳಿಸಿದೆ, ಕೈಮಾತು ಕಲಿಯಲು. ಅವರ ಮೇಲೆ ನನಗೆ ಏನೂ ಇಲ್ಲ. ದೊಡ್ಡ ನಟಿ ಎಂದು ಕಾಲಮೇಲೆ ಕಾಲು ಹಾಕಿ ಕೂರಲಿಲ್ಲ. ನೆಲದ ಮೇಲೆ ಕೂತು ನಮ್ಮ ಜೊತೆ ಉಂಡರು, ಹತ್ತಿ ಧೂಳಿಗೆ ಕೆಮ್ಮಿ ಕೆಮ್ಮಿ ನಿಂತರು. ಒಂದು ದಿನ ಬೆವರು ಒರೆಸಿಕೊಳ್ಳಲು ಕಂಬದ ಕನ್ನಡಿಯನ್ನು ತಿರುಗಿಸಿದರು. ಅಪ್ಪ ಹೋದ ಮೇಲೆ ಅಮ್ಮನಿಗೆ ಹಿಂದೆ ಏನಾಗುತ್ತಿದೆ ಎಂದು ಕಾಣಲಿ ಎಂದು ನಾನು ಹಾಕಿದ ಕನ್ನಡಿ ಅದು. ಹಾಕಿದ ದಿನವೇ ಅಮ್ಮ ಅದರ ಮುಖವನ್ನು ಕಂಬಕ್ಕೆ ತಿರುಗಿಸಿದಳು, ಈವರೆಗೆ ಹಾಗೇ ಇದೆ. ತೆನ್ಮೊಳಿ ಅಕ್ಕ ತಿರುಗಿಸಿದ್ದು ನೋಡಿ ಅಮ್ಮ ಮಗ್ಗ ನಿಲ್ಲಿಸಿ ಬಂದು ಮತ್ತೆ ಮೊದಲಿನ ಹಾಗೆ ಮಾಡಿ ಹೋದಳು. ಆ ಅಕ್ಕನ ಮುಖ ಸಣ್ಣದಾಯಿತು.

ಹೋಗುವಾಗ ಅವರು ನನಗೆ ಸೀನು ಹೇಗಿದೆ ಎಂದು ಹೇಳಿದರು. ಅಪ್ಪನಾಗಿ ನೀನೇ ಬೀಳುತ್ತೀಯಂತೆ. ಕ್ಯಾಮೆರಾ ಕದಲುವುದಿಲ್ಲವಂತೆ. ಅಮ್ಮನ ಬೆನ್ನು ಮಾತ್ರ ಕಾಣುತ್ತದಂತೆ, ತುಂಬ ಹೊತ್ತು.

ಅಣ್ಣ, ಆ ಬೆನ್ನು ನನಗೆ ಗೊತ್ತು. ಇಷ್ಟು ವರ್ಷ ಅದರ ಹಿಂದಿನ ಮಗ್ಗದಲ್ಲಿ ನಿಂತು ನೋಡಿದವಳು ನಾನು. ಅಪ್ಪ ಹೋದ ಮೇಲೆ ಆ ಶೆಡ್ಡಿನೊಳಗೆ ಅಮ್ಮ ಒಂದು ಸಲವೂ ನಕ್ಕಿಲ್ಲ. ಮನೆಯಲ್ಲಿ ನಗುತ್ತಾಳೆ, ಬೀದಿಯಲ್ಲಿ ನಗುತ್ತಾಳೆ, ಬಾಗಿಲು ದಾಟಿ ಒಳಗೆ ಹೋದರೆ ಇಲ್ಲ. ಅವಳು ಕೇಳಿಸಿಕೊಳ್ಳಲಿಲ್ಲ, ಅಷ್ಟೇ ಅವಳು ಮಾಡಿದ ತಪ್ಪು. ಅದನ್ನು ಊರೂರಿಗೆ ಹೊತ್ತು ತಿರುಗಿದ್ದು ಸಾಕು. ಬರಬೇಡ. ಬಂದರೆ ಬೀಗ ತೆಗೆಯುವುದಿಲ್ಲ, ಕಲ್ಲು ತೆಗೆದುಕೊಳ್ಳುತ್ತೇನೆ. ಸತೀಶ್ ಕುಮಾರನ ಕಾರು ಬಿಳಿ ಬಣ್ಣದ್ದು, ನನಗೆ ಗೊತ್ತು.

ಮಗನಾಗಿ ಬರುವುದಾದರೆ ಬಾ. ಸೊಪ್ಪಿನ ಹುಳಿ ಮಾಡುತ್ತೇನೆ. ಮುಖ ಮಾಡಬಾರದು.

ಹೊಟ್ಟೆ ತುಂಬ ಸಿಟ್ಟಿರುವ, ಆದರೂ ನಿನ್ನ ತಂಗಿಯೇ ಆದ
ಧರಣಿ

ಮರೆತದ್ದಲ್ಲ, ಆಮೇಲೆ ಆದದ್ದು:

ಕವರಿಗೆ ಅಂಟು ಹಚ್ಚುವ ಮುಂಚೆ ಅಮ್ಮ ಬಂದು, ಇಷ್ಟು ಹೊತ್ತು ಏನು ಬರೆದೆ ಎಂದು ಕೈ ಮಾಡಿದಳು. ಮುಚ್ಚಿಡಲು ನನಗೆ ಬರುವುದಿಲ್ಲ. ಮರದಡಿ ಕೂತು ಪೂರ್ತಿ ಕೈಮಾತಿನಲ್ಲಿ ಹೇಳಿದೆ. ಸತೀಶ್ ಕುಮಾರನ ಬಿಳಿ ಕಾರು, ಗಂಜಿ ತೊಟ್ಟಿ, ಎಲ್ಲ. ನೀನು ಪೀಳಮೇಡಿನಲ್ಲಿ ಕೊನೆಗೆ ಬಾಯಿಬಿಟ್ಟು ಹೇಳಿದ್ದನ್ನೂ ಹೇಳಿದೆ. ಅದು ಅವಳಿಗೆ ಇಷ್ಟು ದಿನ ಗೊತ್ತಿರಲಿಲ್ಲ. ‘ತಿರುಗಿ ನೋಡಲಿಲ್ಲ’ ಎಂದು ನಾನು ಕೈ ಮಾಡಿದಾಗ ನನ್ನ ಮಣಿಕಟ್ಟು ಹಿಡಿದುಬಿಟ್ಟಳು. ಶೆಡ್ಡಿನಲ್ಲಿ ಹಾಗೆ ಹಿಡಿದರೆ ಬಾಯಿ ಮುಚ್ಚು ಎಂದಲ್ಲವಾ. ಆಮೇಲೆ ಬಾಯಲ್ಲೇ ಹೇಳಿದಳು.

‘ತಿರುಗಿ ನೋಡ್ದೆ. ಯಾರೇಳಿದ್ದು ನೋಡ್ಲಿಲ್ಲ ಅಂತ?’

ನನ್ನ ಮಣಿಕಟ್ಟು ಬಿಟ್ಟು ಅವಳೇ ಮುಂದುವರಿಸಿದಳು.

‘ಎದೆ ಮೇಲೆ ಕೈ ಇಟ್ಕೊಂಡು ಜಾರ್ದ. ಅವತ್ತೂ ನೂಲು ಕೊಳ್ತದ್ದೇ ಬಂದಿತ್ತು. ನಾನು ನೋಡಿ ನಕ್ಕೆ ಕಂದ. ನಕ್ರೆ ತಾನೇ ಅವ್ನು ಏಳೋದು. ನಕ್ಕು, ಇನ್ನು ಎದ್ದೇಳ್ತಾನೆ ಅಂತ ಈಕಡೆ ತಿರುಗ್ದೆ. ಮುಗೀತು.’

ಸ್ವಲ್ಪ ಹೊತ್ತು ಕಂಡಿಕೆಯ ನೂಲು ಬಿಡಿಸಿದಳು. ಆಮೇಲೆ, ‘ಕಾಣ್ದೆ ಓಯ್ತು ಅಂತ ನೀನು ಕನ್ನಡಿ ಆಕ್ದೆ. ನಂಗೆ ಕಂಡಿತ್ತು’ ಅಂದಳು. ಇಷ್ಟು ವರ್ಷ ಯಾಕಮ್ಮ ಹೇಳಲಿಲ್ಲ ಎಂದು ಕೇಳಿದೆ. ಗಂಡ ಸಾಯುವಾಗ ನಕ್ಕೆ ಎಂದು ಯಾರ ಹತ್ತಿರ ಹೇಳುವುದು ಎಂದು ನನ್ನನ್ನೇ ಕೇಳಿದಳು.

ಮೇಲೆ ಬರೆದಿದ್ದನ್ನು ಹರಿದುಹಾಕುತ್ತೇನೆ ಎಂದೆ. ಬೇಡ, ಅವನೂ ಓದಲಿ, ಕಳಿಸು ಎಂದಳು. ಅವಳ ಮಾತು ಮೂರಿವೆ, ಹಾಗೇ ಬರೆಯುತ್ತಿದ್ದೇನೆ. ತೆನ್ಮೊಳಿ ಒಳ್ಳೆಯ ಹೆಣ್ಣು, ಅವಳಿಗೆ ಬೇರೆ ಪಾತ್ರ ಕೊಡಬೇಕಂತೆ, ಆ ನಗು ಅವಳಿಗೆ ಬರುವುದಿಲ್ಲ, ಕ್ಯಾಮೆರಾ ಮುಂದೆ ಅಮ್ಮ ತಾನೇ ನಿಲ್ಲುತ್ತಾಳಂತೆ. ಮಗ್ಗ ಎಲ್ಲ ನಿಜವಾಗಿ ಓಡಬೇಕಂತೆ, ಅದು ನನ್ನ ಕೆಲಸ. ಬೆನ್ನು ತೆಗೆಯುವುದಾದರೆ ತೆಗೆಯಲಿ, ಮುಖವನ್ನೂ ತೆಗೆಯಬೇಕಂತೆ. ನಾನು ‘ಅಮ್ಮ’ ಎಂದು ಏನೋ ಹೇಳಲು ಹೋದೆ. ಮತ್ತೆ ಮಣಿಕಟ್ಟು ಹಿಡಿದಳು.

ಕರೆಂಟು ಈಗ ಬಂತು. ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಬಾಗಿಲ ತನಕ ಹೋದವಳು ನಿಂತು, ತಿರುಗಿ, ಇನ್ನೊಂದು ಹೇಳಿದಳು.

‘ಅವ್ನ್ಗೆ ಹೇಳು, ಮೊಣಕಾಲು ಮೊದ್ಲು ಮಡಿಸ್ಬಾರ್ದು ಅಂತ. ಅಪ್ಪ ಹೇಳಿದ್ದು ಮರ್ತಿರ್ತಾನೆ. ಚೆನ್ನಾಗಿ ಬೀಳ್ಲಿ. ನಾನು ನಗ್ತೀನಿ. ನಕ್ಕ ಮೇಲೆ ಅವ್ನು ಎದ್ದು ನಿಂತ್ಕೋಬೇಕು.’

ಬೀಗ ತೆಗೆದಿರುತ್ತೇನೆ. ಬಾ ಅಣ್ಣ.